ಅಪಪಾಠಗಳ ವಂಶಾವಳಿ

ಸರಕಿನ ಮೈಮೇಲಣ ಕಪ್ಪುಗೆರೆಗಳನ್ನು ಸ್ಕ್ಯಾನರಿನ ಕೆಂಬೆಳಕು ಹಾಯ್ದು ಓದಿ, ಓದಿದುದಕ್ಕೆ ಸಾಕ್ಷಿಯಾಗಿ ‘ಬೀಪ್’ ಎಂಬ ಸದ್ದೂ ಹೊರಟು, ಅಷ್ಟಾದ ಮೇಲೂ ತಂತಿಯ ಮತ್ತೊಂದು ತುದಿಯಲ್ಲಿರುವ ಮೈಕ್ರೋಕಂಟ್ರೋಲರು 8901234567890 ಎಂಬ ಸಂಖ್ಯೆಗೆ ಪ್ರತಿಯಾಗಿ ¸90±²3´56·¸90 ಎಂಬ ಅರ್ಥವಿಲ್ಲದ ಸಾಲೊಂದನ್ನು ತೋರಿಸಿತೆಂದರೆ, ಅದನ್ನು ಕಂಡ ವಿದ್ಯಾರ್ಥಿಯಾಗಲಿ ಕುಶಲಕರ್ಮಿಯಾಗಲಿ ಮೊದಲು ಮಾಡುವ ಕೆಲಸ ಆ ಸಾಲನ್ನು ಅಳಿಸಿಬಿಡುವುದು. ತಂತಿಯನ್ನು ಕಿತ್ತು ಮರಳಿ ಸಿಕ್ಕಿಸುವುದು, ವಿದ್ಯುತ್ತನ್ನು ಆರಿಸಿ ಹೊತ್ತಿಸುವುದು, ಕೊನೆಗೆ ಬೇಸತ್ತು ಸ್ಕ್ಯಾನರನ್ನೇ ಬದಲಾಯಿಸುವುದು, ಇವು ಅನಂತರದ ಉಪಾಯಗಳು. ಆದರೆ ವ್ಯಾಧಿಯ ಹೆಸರು, ಅದರ ಕಾರಣ, ಅದರ ಪರಿಹಾರ, ಈ ಮೂರೂ ಅಳಿಸಿಹೋದ ಆ ಸಾಲಿನಲ್ಲಿಯೇ ಬರೆದಿದ್ದುವು.

ಓಲೆಗರಿಯ ಪ್ರತಿಗಳನ್ನು ಪರಿಷ್ಕರಿಸುವ ಗ್ರಂಥಸಂಪಾದಕರು ಅಪಪಾಠವನ್ನು ಕಂಡೊಡನೆ ತ್ಯಜಿಸುವವರಲ್ಲ. ಲಿಪಿಕಾರನು ಕಣ್ಣಿನಿಂದ ತಪ್ಪಿದನೋ ಕಿವಿಯಿಂದ ತಪ್ಪಿದನೋ, ಅವನ ಮುಂದಿದ್ದ ಮೂಲಪ್ರತಿಯ ಲಿಪಿ ಯಾವ ಕಾಲದ್ದೋ ಎಂಬುದನ್ನು ಆ ತಪ್ಪಿನ ಬಗೆಯಿಂದಲೇ ಊಹಿಸಿ, ಅದರ ಮೂಲಕವೇ ಶುದ್ಧಪಾಠಕ್ಕೆ ದಾರಿಯನ್ನು ಅವರು ಕಾಣುತ್ತಾರೆ. ಯಂತ್ರಗಳ ಅಪಪಾಠಕ್ಕೂ ಇದೇ ಆದರ ಸಲ್ಲತಕ್ಕುದೆಂಬುದು ನನ್ನ ದೃಢವಾದ ಅಭಿಪ್ರಾಯ. ಸಂದೇಶವನ್ನು ತಂತಿಯಲ್ಲಿ ಕಳುಹಲಾರಂಭಿಸಿದಂದಿನಿಂದ ಇಂದಿನವರೆಗಿನ ಸುಮಾರು ನೂರೆಂಬತ್ತು ವರ್ಷಗಳಲ್ಲಿ, ಒಬ್ಬೊಬ್ಬ ಯಂತ್ರಜ್ಞನು ಒಂದೊಂದು ಕಷ್ಟದ ನಿವಾರಣೆಗಾಗಿ ಒಂದೊಂದು ಒಪ್ಪಂದವನ್ನು ಏರ್ಪಡಿಸಿದನು. ತಂತಿಯ ಎರಡು ತುದಿಗಳಲ್ಲಿ ಒಂದು ತುದಿ ಅಂಥ ಒಪ್ಪಂದವೊಂದನ್ನು ಮರೆತಾಗ ಹುಟ್ಟುವುದೇ ಈ ಕಲಸುಮೇಲೋಗರ. ಆದಕಾರಣ ಒಂದೊಂದು ಬಗೆಯ ವಿಕಾರಕ್ಕೂ ಒಂದು ಹುಟ್ಟು, ಒಂದು ಊರು, ಒಂದು ಕಾಲ ಉಂಟು.

ಮೊದಲು ಗೆರೆಗಳ ವೃತ್ತಾಂತವನ್ನು ನೋಡೋಣ. 1948ರಲ್ಲಿ, ಅಮೆರಿಕದ ಫಿಲಡೆಲ್ಫಿಯ ನಗರದ ಡ್ರೆಕ್ಸೆಲ್ ಸಂಸ್ಥೆಗೆ ಆಹಾರಪದಾರ್ಥಗಳ ಅಂಗಡಿಗಳ ಒಡೆಯನೊಬ್ಬನು ಬಂದು, ಗಿರಾಕಿ ಹಣ ತೆರುವ ಕಟ್ಟೆಯಲ್ಲಿ ಸರಕಿನ ವಿವರವನ್ನು ತಾನಾಗಿಯೇ ತಿಳಿದುಕೊಳ್ಳುವ ಉಪಾಯವೊಂದನ್ನು ಸಂಶೋಧಿಸಿಕೊಡಬೇಕೆಂದು ಅಲ್ಲಿನ ಡೀನರಲ್ಲಿ ಬಿನ್ನವಿಸಿಕೊಂಡನು. ಡೀನರು ಒಪ್ಪಲಿಲ್ಲ. ಆದರೆ ಆ ಸಂಭಾಷಣೆ ಬರ್ನಾರ್ಡ್ ಸಿಲ್ವರ್ ಎಂಬ ತರುಣನ ಕಿವಿಗೆ ಬಿದ್ದಿತು. ಅವನು ಅದನ್ನು ತನ್ನ ಮಿತ್ರ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡನಿಗೆ ಹೇಳಿದನು. ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ಮಸಿಯನ್ನು ಇಬ್ಬರೂ ಪರೀಕ್ಷಿಸಿ ನೋಡಿದರು. ಮಸಿಯು ಬೇಗ ಮಾಸುತ್ತಿತ್ತು, ಬೆಲೆಯೂ ಹೆಚ್ಚು. 1949ರ ಜನವರಿಯಲ್ಲಿ ವುಡ್‌ಲ್ಯಾಂಡನು ಮಯಾಮಿಯ ಕಡಲತೀರದಲ್ಲಿ ಕುಳಿತು, ಬಾಲ್ಯದಲ್ಲಿ ಸ್ಕೌಟ್ ಬಾಲಕನಾಗಿದ್ದಾಗ ಕಲಿತ ಮೋರ್ಸನ ಸಂಕೇತಗಳನ್ನು ನೆನೆಯುತ್ತ, ಮರಳಿನಲ್ಲಿ ಚುಕ್ಕೆಗಳನ್ನೂ ಅಡ್ಡಗೆರೆಗಳನ್ನೂ ಬರೆದು, ಬೆರಳುಗಳನ್ನು ತನ್ನೆಡೆಗೆ ಎಳೆದುಕೊಂಡನು. ಚುಕ್ಕೆ ಸಣ್ಣಗೆರೆಯಾಗಿ ಇಳಿಯಿತು, ಅಡ್ಡಗೆರೆ ದಪ್ಪಗೆರೆಯಾಗಿ ಇಳಿಯಿತು. ಕಿವಿಗೆ ಕೇಳುತ್ತಿದ್ದ ಮೋರ್ಸ್ ಲಿಪಿ ಕಣ್ಣಿಗೆ ಕಾಣುವ ಗೆರೆಗಳಾದುದು ಹೀಗೆ. ಅದೇ ವರ್ಷದ ಅಕ್ಟೋಬರ್ 20ರಂದು ಸಲ್ಲಿಸಿದ ಅರ್ಜಿಗೆ 1952ರ ಅಕ್ಟೋಬರ್ 7ರಂದು ಪೇಟೆಂಟು ದೊರೆಯಿತು. ಆದರೆ ಆ ಗೆರೆಗಳನ್ನು ಓದಲು ಅವರಿಗಿದ್ದುದು 500 ವಾಟಿನ ದೀಪವೇ ಹೊರತು ಲೇಸರ್ ಅಲ್ಲ, ಲೆಕ್ಕ ಹಾಕಲು ಅಗ್ಗದ ಕಂಪ್ಯೂಟರೂ ಇರಲಿಲ್ಲ. ಕಾಲ ಕೂಡಿ ಬರುವ ಮೊದಲೇ, 1963ರಲ್ಲಿ, ಸಿಲ್ವರನು ನಲವತ್ತು ತುಂಬದ ವಯಸ್ಸಿನಲ್ಲಿ ತೀರಿಕೊಂಡನು. ತನ್ನ ಗೆರೆಗಳು ಅಂಗಡಿಯ ಕಟ್ಟೆಯನ್ನೇರಿದುದನ್ನು ಅವನು ಕಾಣದೆ ಹೋದುದು ಈ ಇತಿಹಾಸದಲ್ಲಿ ನನ್ನನ್ನು ಬಹಳವಾಗಿ ನೋಯಿಸುವ ಸಂಗತಿ.

ವುಡ್‌ಲ್ಯಾಂಡ್ ಮತ್ತು ಸಿಲ್ವರರ ಪೇಟೆಂಟಿನಲ್ಲಿ ನೆಟ್ಟಗಿನ ಗೆರೆಗಳಲ್ಲದೆ ಒಂದರೊಳಗೊಂದು ವೃತ್ತಗಳ ಆಕೃತಿಯೂ ಇದ್ದಿತು. ಯಾವ ದಿಕ್ಕಿನಿಂದ ಬೆಳಕು ಹಾಯ್ದರೂ ಅದನ್ನು ಓದಬಹುದಾಗಿದ್ದಿತು. ಆದರೆ ಮುದ್ರಣಯಂತ್ರದಲ್ಲಿ ಕಾಗದ ಓಡುವ ದಿಕ್ಕಿಗೆ ಮಸಿ ಸ್ವಲ್ಪ ಹರಡಿದರೂ ವೃತ್ತದ ಗೆರೆಗಳು ಒಂದನ್ನೊಂದು ಮುಟ್ಟಿ ಪಾಠ ಕೆಡುತ್ತಿದ್ದಿತು. ಐಬಿಎಂ ಸಂಸ್ಥೆಯ ಜಾರ್ಜ್ ಲಾರರ್ ಎಂಬ ಇಂಜಿನಿಯರು ಗೆರೆಗಳನ್ನು ಕಾಗದ ಓಡುವ ದಿಕ್ಕಿನಲ್ಲಿಯೇ ನಿಲ್ಲಿಸಿದನು. ಮಸಿ ಹರಡಿದರೆ ಗೆರೆ ಉದ್ದವಾದೀತಲ್ಲದೆ ಅಗಲವಾಗದು. 1973ರ ಏಪ್ರಿಲ್ 3ರಂದು ಅಮೆರಿಕದ ವರ್ತಕರು ಈ ರಚನೆಯನ್ನು ಅಂಗೀಕರಿಸಿದರು. 1974ರ ಜೂನ್ 26ರಂದು ಒಹಾಯೊ ಸೀಮೆಯ ಟ್ರಾಯ್ ಎಂಬ ಊರಿನ ಮಾರ್ಷ್ ಅಂಗಡಿಯಲ್ಲಿ ಚೂಯಿಂಗ್ ಗಮ್ಮಿನ ಪೊಟ್ಟಣವೊಂದು 67 ಸೆಂಟುಗಳ ಬೆಲೆಗೆ ಸ್ಕ್ಯಾನರಿನ ಮುಂದೆ ಹಾದುಹೋಗಿ ಹೊಸ ಪದ್ಧತಿಗೆ ನಾಂದಿಯಾಯಿತು.

ಲಾರರನ ರಚನೆಯಲ್ಲಿ ತಪ್ಪೋದಿಗೆ ಎಡೆಗೊಡದಿರುವಂತೆ ಮಾಡಿದ ಏರ್ಪಾಡುಗಳು ಎಷ್ಟು ವಿವೇಕಯುತವಾದುವೆಂದರೆ, ಇಂದಿನ ನಮ್ಮ ತೊಡಕಿನ ವಿಚಾರಣೆಯನ್ನು ಅವೇ ಅರ್ಧ ಮುಗಿಸಿಕೊಡುತ್ತವೆ. ಎಡಭಾಗದ ಅಂಕಿಗಳಲ್ಲಿ ಕಪ್ಪುಪಟ್ಟಿಯ ಏಕಮಾನಗಳು ಬೆಸಸಂಖ್ಯೆಯಲ್ಲಿಯೂ ಬಲಭಾಗದವುಗಳಲ್ಲಿ ಸಮಸಂಖ್ಯೆಯಲ್ಲಿಯೂ ಇರುವುದರಿಂದ, ಪೊಟ್ಟಣವನ್ನು ತಲೆಕೆಳಗಾಗಿ ಹಿಡಿದರೂ ಓದುವ ಯಂತ್ರಕ್ಕೆ ಅದು ಗೊತ್ತಾಗುವುದು. ಕೊನೆಯ ಅಂಕಿಯು ಸರಕಿಗೆ ಸಂಬಂಧಿಸಿದುದಲ್ಲ, ಉಳಿದ ಅಂಕಿಗಳ ಸತ್ಯಾಸತ್ಯವನ್ನು ಪರೀಕ್ಷಿಸುವ ಅಂಕಿ. ಭಾರತದ ನೋಂದಣಿಯ ಗುರುತಾದ 890ರಿಂದ ಆರಂಭವಾಗುವ ಮೇಲಿನ ಹದಿಮೂರು ಅಂಕಿಗಳ ಸಂಖ್ಯೆಯನ್ನೇ ತೆಗೆದುಕೊಂಡರೆ, ಮೊದಲ ಹನ್ನೆರಡು ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ 1ರಿಂದಲೂ 3ರಿಂದಲೂ ಗುಣಿಸಿ ಕೂಡಿಸಿದಾಗ 130 ಬರುತ್ತದೆ. ಹತ್ತರಿಂದ ಅದು ಶೇಷವಿಲ್ಲದೆ ಭಾಗವಾಗುವುದರಿಂದ ಹದಿಮೂರನೆಯ ಅಂಕಿ 0. ಲೆಕ್ಕ ಸರಿಹೊಂದದಿದ್ದರೆ ಸ್ಕ್ಯಾನರು ಸದ್ದನ್ನೇ ಮಾಡದು. ಎಂದ ಮೇಲೆ, ಅಂಗಡಿಯ ಸರಕಿನ ಇಂಥ ಬಾರ್‌ಕೋಡಿನ ಮೇಲೆ ‘ಬೀಪ್’ ಎಂಬ ಸದ್ದು ಹೊರಟಿತೆಂದರೆ ಗೆರೆಗಳ ಓದು ಮುಗಿದು, ಸರಿಯಾಗಿಯೇ ಮುಗಿದಿದೆ. ದೋಷವು ಅದರಾಚೆಗೆ, ತಂತಿಯಲ್ಲಿ, ಇನ್ನೊಂದು ವಂಶದ ಆಸ್ತಿಯಲ್ಲಿ ಇರತಕ್ಕುದು.

ಆ ವಂಶ ಇನ್ನೂ ಹಳೆಯದು. 1844ರ ಮೇ 24ರಂದು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಮೋರ್ಸನ ತಂತಿ ನುಡಿದಾಗ ಬಳಕೆಗೆ ಬಂದ ಅಮೆರಿಕದ ಸಂಕೇತಮಾಲೆಯಲ್ಲಿ ಕೆಲವು ಅಕ್ಷರಗಳ ಒಡಲಿನೊಳಗೇ ತೆರಪುಗಳಿದ್ದುವು. ‘ಓ’ ಎಂಬ ಅಕ್ಷರವೆಂದರೆ ಒಂದು ಚುಕ್ಕೆ, ಒಂದು ತೆರಪು, ಮತ್ತೊಂದು ಚುಕ್ಕೆ. ಆ ತೆರಪನ್ನು ಕೈ ಕೊಂಚ ದೀರ್ಘವಾಗಿ ಬಿಟ್ಟರೆ ಅತ್ತ ಕೇಳುವವನಿಗೆ ಅದು ಎರಡು ‘ಇ’ಗಳಾಗಿ ಬಿಡುತ್ತಿದ್ದಿತು. 1848ರಲ್ಲಿ ಜರ್ಮನಿಯ ಫ್ರೀಡ್ರಿಕ್ ಗೆರ್ಕೆ ಎಂಬವನು ಹ್ಯಾಂಬರ್ಗ್ ಮತ್ತು ಕುಕ್ಸ್‌ಹಾಫೆನ್ ನಡುವಣ ಮಾರ್ಗಕ್ಕಾಗಿ ಈ ಒಳತೆರಪುಗಳನ್ನು ತೆಗೆದುಹಾಕಿದನು. 1865ರ ಪ್ಯಾರಿಸ್ ಸಮ್ಮೇಳನದ ತರುವಾಯ ಅವನ ತಿದ್ದುಪಡಿಯ ಮೇಲೆ ಕಟ್ಟಿದ ಸಂಕೇತವೇ ಅಂತಾರಾಷ್ಟ್ರೀಯವಾಯಿತು. ಕಾಲದ ಅಳತೆಯಲ್ಲಿ ಎರಡು ತುದಿಗಳಿಗೂ ಒಮ್ಮತವಿಲ್ಲದಿದ್ದರೆ ಅಕ್ಷರ ಒಡೆಯುತ್ತದೆಂಬ ಪಾಠವನ್ನು ಮಾನವರು ಮೊದಲು ಕಲಿತುದು ಇಲ್ಲಿ.

ಫ್ರಾನ್ಸಿನ ಎಮೀಲ್ ಬೋದೋ 1874ರಲ್ಲಿ ಪೇಟೆಂಟು ಪಡೆದ ಪದ್ಧತಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಸಮಾನ ದೀರ್ಘತೆಯ ಐದು ಸ್ಪಂದನಗಳು. ಐದೇ ಕೀಲಿಗಳ ಮುಂದೆ ಕುಳಿತ ಕೆಲಸಗಾರನು, ಎರಡನ್ನು ಎಡಗೈಯಿಂದಲೂ ಮೂರನ್ನು ಬಲಗೈಯಿಂದಲೂ, ಯಂತ್ರದ ‘ಟಿಕ್’ ಎಂಬ ತಾಳಕ್ಕೆ ಸರಿಯಾಗಿ ಒತ್ತಬೇಕಾಗಿದ್ದಿತು. ಎರಡು ಊರುಗಳ ಯಂತ್ರಗಳು ಏಕಗತಿಯಲ್ಲಿ ಸುತ್ತದಿದ್ದರೆ ಸಂದೇಶವೆಲ್ಲ ನೀರುಪಾಲು. ಸ್ಕ್ಯಾನರಿನ ವೇಗವನ್ನು ಇಂದಿಗೂ ನಾವು ಅವನ ಹೆಸರಿನ ‘ಬಾಡ್’ ಎಂಬ ಮಾನದಿಂದಲೇ ಎಣಿಸುವುದು ಅವನಿಗೆ ಸಲ್ಲುವ ನ್ಯಾಯವಾದ ಸ್ಮಾರಕ.

ದೀರ್ಘಕಾಲದ ಏಕಗತಿಯ ಈ ಕಷ್ಟವನ್ನು ಬಗೆಹರಿಸಿದವರು ಷಿಕಾಗೊ ನಗರದ ಮಾರ್‌ಕ್ರಮ್ ಕಂಪೆನಿಯ ಚಾರ್ಲ್ಸ್ ಕ್ರಮ್ ಮತ್ತು ಅವನ ಮಗ ಹೊವರ್ಡ್. 1910ರ ದಶಕದಲ್ಲಿ ಅವರು ರೂಢಿಗೆ ತಂದ ಉಪಾಯದ ಸರಳತೆಯನ್ನು ನೆನೆದಾಗಲೆಲ್ಲ ನನಗೆ ಗೌರವವುಂಟಾಗುತ್ತದೆ. ಪ್ರತಿಯೊಂದು ಅಕ್ಷರವೂ ತನ್ನ ಮುಂದೆ ‘ಹೊರಟೆ’ ಎನ್ನುವ ಒಂದು ಸ್ಪಂದನವನ್ನೂ ಹಿಂದೆ ‘ನಿಂತೆ’ ಎನ್ನುವ ಒಂದು ಸ್ಪಂದನವನ್ನೂ ಹೊತ್ತುಕೊಂಡೇ ಬರಲಿ. ಎರಡು ಯಂತ್ರಗಳು ದಿನವೆಲ್ಲ ಸಮಗತಿಯಲ್ಲಿರಬೇಕಾಗಿಲ್ಲ, ಒಂದು ಅಕ್ಷರದ ಕಾಲವಷ್ಟೇ ಜೊತೆಗೂಡಿ ನಡೆದರೆ ಸಾಕು. ನಿಮಿಷಕ್ಕೆ 60 ಪದಗಳ ಟೆಲಿಪ್ರಿಂಟರಿನಲ್ಲಿ ಒಂದು ಸ್ಪಂದನಕ್ಕೆ 22 ಮಿಲಿಸೆಕೆಂಡು, ಒಂದು ಅಕ್ಷರಕ್ಕೆ 163 ಮಿಲಿಸೆಕೆಂಡು. ಇಂದಿನ ಮೈಕ್ರೋಕಂಟ್ರೋಲರಿನೊಳಗೆ ಸ್ಟಾರ್ಟ್ ಬಿಟ್, ಸ್ಟಾಪ್ ಬಿಟ್ ಎಂದು ಕರೆಯಿಸಿಕೊಳ್ಳುವುವು ಆ ತಂದೆಮಕ್ಕಳ ಏರ್ಪಾಡೇ.

ಹೀಗಾಗಿ ವೇಗದ ದೋಷಕ್ಕೆ ಒಂದು ನಿಶ್ಚಿತವಾದ ಎಲ್ಲೆ ಉಂಟು. ಸ್ಟಾರ್ಟ್, ಎಂಟು ಬಿಟ್ಟುಗಳು, ಸ್ಟಾಪ್, ಒಟ್ಟು ಹತ್ತು; ಹತ್ತನೆಯದರ ಮಧ್ಯವನ್ನು ಮುಟ್ಟುವ ಹೊತ್ತಿಗೆ ಇಬ್ಬರ ಗಡಿಯಾರಗಳ ಅಂತರ ಅರ್ಧ ಬಿಟ್ಟನ್ನು ಮೀರಿದರೆ ಪಾಠ ಕೆಡುವುದು. ಅಂದರೆ ಎರಡು ತುದಿಗಳಿಗೂ ಸೇರಿ ನೂರಕ್ಕೆ ಐದರಷ್ಟು ಅಂತರಕ್ಕೆ ಮಾತ್ರ ಕ್ಷಮೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ 8051 ಜಾತಿಯ ಮೈಕ್ರೋಕಂಟ್ರೋಲರಿನ ಪಕ್ಕದಲ್ಲಿ 11.0592 ಮೆಗಾಹರ್ಟ್ಸ್ ಎಂದು ಕೆತ್ತಿದ ಕ್ರಿಸ್ಟಲನ್ನು ನೋಡಿ, ದುಂಡಾದ 12ನ್ನು ಬಿಟ್ಟು ಈ ವಿಚಿತ್ರ ಸಂಖ್ಯೆಯೇಕೆಂದು ಆಶ್ಚರ್ಯಪಡದ ವಿದ್ಯಾರ್ಥಿಯಿಲ್ಲ. 11.0592ನ್ನು ಆ ಯಂತ್ರದ ನಿಯಮದಂತೆ 12ರಿಂದಲೂ 32ರಿಂದಲೂ 3ರಿಂದಲೂ ಭಾಗಿಸಿದರೆ ಕೂದಲೆಳೆಯಷ್ಟೂ ತಪ್ಪದೆ 9600 ದೊರೆಯುವುದು. 12 ಮೆಗಾಹರ್ಟ್ಸನ್ನು ಹಾಗೆಯೇ ಭಾಗಿಸಿದರೆ ಬರುವುದು ಸುಮಾರು 10417, ನೂರಕ್ಕೆ ಎಂಟೂವರೆಯಷ್ಟು ಹೆಚ್ಚು. ಕ್ರಿಸ್ಟಲ್ಲೇ ಇಲ್ಲದೆ ತನ್ನೊಳಗಿನ ಆಂದೋಲಕವನ್ನೇ ನಂಬಿ ನಡೆಯುವ ಅಗ್ಗದ ಚಿಪ್ಪುಗಳಲ್ಲಿ ಈ ದೋಷ ಇನ್ನೂ ಸುಲಭವಾಗಿ ಒಳನುಗ್ಗುತ್ತದೆ. ಅಟ್‌ಮೆಗಾ328ಪಿ ಎಂಬ ಚಿಪ್ಪಿನ ಒಳಗಡಿಯಾರಕ್ಕೆ ಕಾರ್ಖಾನೆ ಕೊಡುವ ಭರವಸೆ ನೂರಕ್ಕೆ ಹತ್ತರ ಹೆಚ್ಚುಕಡಿಮೆಯೊಳಗೆ ಎಂಬಷ್ಟೇ. ಚಳಿಯಲ್ಲಿ ಸರಿಯಾಗಿದ್ದುದು ಸೆಕೆಯಲ್ಲಿ ಕೆಟ್ಟರೆ, ಕೆಲವು ಅಕ್ಷರ ಸರಿಯಾಗಿ ಕೆಲವು ಮಾತ್ರ ತಪ್ಪಿ ಆ ತಪ್ಪೂ ಸಲದಿಂದ ಸಲಕ್ಕೆ ಬೇರೆಯಾದರೆ, ಗಡಿಯಾರವನ್ನು ಶಂಕಿಸಬೇಕು.

ಸಲದಿಂದ ಸಲಕ್ಕೆ ಬದಲಾಗದೆ, ಒಂದೇ ಅಂಕಿ ಯಾವಾಗಲೂ ಒಂದೇ ಬಗೆಯಲ್ಲಿ ಕೆಡುವುದಾದರೆ ಅದು ಬೇರೆ ಜಾತಿಯ ವ್ಯಾಧಿ. ಇದರ ಪೂರ್ವಿಕರನ್ನು ಟೆಲಿಪ್ರಿಂಟರಿನ ಕಾಲದಲ್ಲಿ ಕಾಣಬಹುದು. ಐದು ಬಿಟ್ಟುಗಳಿಂದ 32 ಗುರುತುಗಳಷ್ಟೇ ಸಾಧ್ಯವಾದುದರಿಂದ, ಒಂದೇ ಗುರುತು ಅಕ್ಷರವಾಗಿಯೂ ಅಂಕಿಯಾಗಿಯೂ ದುಡಿಯಬೇಕಾಗಿ, ‘ಇನ್ನು ಮುಂದೆ ಅಂಕಿ’, ‘ಇನ್ನು ಮುಂದೆ ಅಕ್ಷರ’ ಎಂಬ ಎರಡು ಆಜ್ಞೆಗಳಿದ್ದುವು. ಎರಡನೆಯ ಆಜ್ಞೆ ದಾರಿಯಲ್ಲಿ ನಷ್ಟವಾದರೆ ಮುಂದಿನ ಮಾತೆಲ್ಲ ಅಂಕಿಗಳೂ ಚಿಹ್ನೆಗಳೂ ಆಗಿ ಅಚ್ಚಾಗುತ್ತಿದ್ದಿತು: ‘ರಿಪೋರ್ಟ್’ ಎಂಬ ಇಂಗ್ಲಿಷ್ ಶಬ್ದ 430945 ಆಗುತ್ತಿದ್ದಿತು. ಕೀಲಿಮಣೆಯ ಮೇಲಿನ ಸಾಲನ್ನು ಬಲ್ಲವರು ಆ ಅಂಕಿಗಳನ್ನೇ ನೋಡಿ ಶಬ್ದವನ್ನು ಓದಿಕೊಳ್ಳಬಹುದಾಗಿದ್ದಿತು. ಸುದ್ದಿಯ ಕಾಗದವನ್ನು ಟೆಲಿಪ್ರಿಂಟರಿನಿಂದ ಹರಿದುಕೊಂಡು ನಿಂತಲ್ಲೇ ಕನ್ನಡಕ್ಕೆ ಇಳಿಸುತ್ತಿದ್ದ ನಮ್ಮ ಪತ್ರಿಕೆಗಳ ಹಿಂದಿನ ಉಪಸಂಪಾದಕರೂ, 1960ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಕಾರ್ಖಾನೆಯವರೂ ಇದೇ ಐದು ಬಿಟ್ಟುಗಳ ಲೋಕದ ನಿವಾಸಿಗಳು.

1963ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಪ್ರಕಟಿಸಿದ ಆಸ್ಕಿ ಎಂಬ ಏಳು ಬಿಟ್ಟುಗಳ ಸಂಕೇತಮಾಲೆ ಅಂಕಿಗೂ ಅಕ್ಷರಕ್ಕೂ ಪ್ರತ್ಯೇಕ ಸ್ಥಾನಗಳನ್ನು ಕೊಟ್ಟು ಆ ಸಂಕಟವನ್ನು ನೀಗಿತು. ಆದರೆ ಎಂಟನೆಯ ಬಿಟ್ಟನ್ನು ತಂತಿಯ ದೋಷವನ್ನು ಹಿಡಿಯುವ ಪ್ಯಾರಿಟಿಗೆ ಮೀಸಲಿಡುವ ರೂಢಿ ಬೆಳೆದು ಹೊಸದೊಂದು ಅಪಪಾಠಕ್ಕೆ ಎಡೆಮಾಡಿತು. ಈ ಪ್ರಬಂಧದ ಮೊದಲಿಗೆ ಕೊಟ್ಟ ಸಾಲು ಆ ಅಪಪಾಠವೇ. ಸ್ಕ್ಯಾನರು ಏಳು ಬಿಟ್ಟುಗಳೊಡನೆ ಸಮ ಪ್ಯಾರಿಟಿಯನ್ನು ಸೇರಿಸಿ ಕಳುಹುತ್ತದೆ. ಮೈಕ್ರೋಕಂಟ್ರೋಲರು ಎಂಟೂ ಅಕ್ಷರದ ಬಿಟ್ಟುಗಳೆಂದೇ ನಂಬಿ ಓದುತ್ತದೆ. 0, 3, 5, 6, 9 ಇವುಗಳ ಸಂಕೇತದಲ್ಲಿ ಒಂದುಗಳ ಸಂಖ್ಯೆ ಸಮವಾಗಿರುವುದರಿಂದ ಪ್ಯಾರಿಟಿ ಬಿಟ್ಟು ಸೊನ್ನೆಯಾಗಿ ಅವು ಕ್ಷೇಮವಾಗಿ ಸೇರುತ್ತವೆ. 1, 2, 4, 7, 8 ಇವುಗಳಲ್ಲಿ ಅದು ಬೆಸವಾದುದರಿಂದ ಎಂಟನೆಯ ಬಿಟ್ಟು ಒಂದಾಗಿ, 1 ಎಂಬುದು ± ಆಗಿಯೂ 2 ಎಂಬುದು ² ಆಗಿಯೂ ವೇಷ ಮರೆಸಿಕೊಳ್ಳುತ್ತವೆ. ಐದು ಅಂಕಿ ಸರಿ, ಐದು ತಪ್ಪು, ಸರಿಯಾದುವು ಸದಾ ಅವೇ ಐದು: ಈ ಲಕ್ಷಣವನ್ನು ಕಂಡವನು ಸ್ಕ್ಯಾನರನ್ನು ಬದಲಾಯಿಸಬೇಕಾಗಿಲ್ಲ, ಎರಡು ತುದಿಗಳ ಪ್ಯಾರಿಟಿಯನ್ನು ಒಂದುಮಾಡಿದರೆ ಸಾಕು.

ಇನ್ನೊಂದು ಅಪಪಾಠದ ಮೂಲ ತಂತಿಕಚೇರಿಯ ಅಭ್ಯಾಸದಲ್ಲಿದೆ. ಕೆಲಸವಿಲ್ಲದಾಗಲೂ ಟೆಲಿಪ್ರಿಂಟರಿನ ತಂತಿಯಲ್ಲಿ ವಿದ್ಯುತ್ತು ಹರಿಯುತ್ತಲೇ ಇರುತ್ತಿದ್ದಿತು. ಹರಿವು ನಿಂತರೆ ತಂತಿ ತುಂಡಾಗಿದೆಯೆಂದು ತಿಳಿಯಲು ಅದು ಅನುಕೂಲ. ವಿಶ್ರಾಂತಿಯ ಸ್ಥಿತಿಯೇ ‘ಒಂದು’ ಎಂಬ ನಿಯಮ ಹೀಗೆ ನಿಂತಿತು. 1960ರಲ್ಲಿ ರೂಪುಗೊಂಡು 1969ರಲ್ಲಿ ಪರಿಷ್ಕೃತವಾದ ಆರ್‌ಎಸ್-232 ಎಂಬ ಮಾನಕದಲ್ಲಿ ಆ ‘ಒಂದು’ ಋಣ ವೋಲ್ಟೇಜಾಗಿ, ಸೊನ್ನೆ ಧನ ವೋಲ್ಟೇಜಾಗಿ ಗೊತ್ತಾಯಿತು. ಮೈಕ್ರೋಕಂಟ್ರೋಲರಿಗಾದರೋ ‘ಒಂದು’ ಎಂದರೆ ಧನದ 5 ವೋಲ್ಟು ಅಥವಾ 3.3 ವೋಲ್ಟು, ಸೊನ್ನೆ ಎಂದರೆ ಸೊನ್ನೆ ವೋಲ್ಟು. ಈ ಎರಡು ವಿರುದ್ಧ ಮತಗಳ ನಡುವೆ ದುಭಾಷಿಯಾಗಿ, 5 ವೋಲ್ಟಿನಿಂದಲೇ ಧನ ಋಣ 10 ವೋಲ್ಟುಗಳನ್ನು ಉತ್ಪಾದಿಸಿಕೊಳ್ಳುವ ಮ್ಯಾಕ್ಸ್232 ಎಂಬ ಚಿಪ್ಪು 1987ರಲ್ಲಿ ಬಂದಿತು. ಅದನ್ನು ಬಿಟ್ಟು, ರೋಧಕವೊಂದನ್ನಷ್ಟೇ ಇಟ್ಟು ಸ್ಕ್ಯಾನರಿನ ತಂತಿಯನ್ನು ನೇರವಾಗಿ ಜೋಡಿಸಿದರೆ ಪ್ರತಿಯೊಂದು ಬಿಟ್ಟೂ ತಲೆಕೆಳಗಾಗುವುದು. ರೋಧಕವೂ ಇಲ್ಲದಿದ್ದರೆ ಚಿಪ್ಪಿಗೇ ಅಪಾಯವುಂಟು. 1, 3, 5, 7, 9 ಎಂಬ ಬೆಸ ಅಂಕಿಗಳು ಬಿಡುವಿಲ್ಲದೆ ಒಂದರ ಹಿಂದೊಂದು ಹೀಗೆ ಬಂದಾಗ ಇಂಗ್ಲಿಷಿನ ಸಣ್ಣಕ್ಷರಗಳಾದ ಜಿ, ಎಫ್, ಇ, ಡಿ, ಸಿ ಎಂದು ಕಾಣಿಸಿಕೊಳ್ಳುತ್ತವೆ: ಅಂಕಿ ಏರುತ್ತ ಹೋದಂತೆ ಅಕ್ಷರ ಇಳಿಯುತ್ತ ಹೋಗುವುದು. ಸಮ ಅಂಕಿಗಳಲ್ಲಿ ಮೊದಲ ಬಿಟ್ಟೇ ಸ್ಟಾರ್ಟ್ ಬಿಟ್ಟಿನೊಡನೆ ಬೆರೆತುಹೋಗುವುದರಿಂದ ಅವುಗಳ ವಿಕಾರಕ್ಕೆ ಇಷ್ಟು ಚೆಲುವಾದ ಕ್ರಮವಿಲ್ಲ. ಅಂಕಿಗಳನ್ನು ನಿರೀಕ್ಷಿಸಿದ ಕಡೆ ಸಣ್ಣಕ್ಷರಗಳ ಗುಂಪು ಕಂಡರೆ ಧ್ರುವಭೇದವನ್ನು ಮೊದಲು ಪರೀಕ್ಷಿಸತಕ್ಕುದು.

ಸ್ಕ್ಯಾನರುಗಳು ಕೀಲಿಮಣೆಯ ವೇಷ ಧರಿಸಿದುದು ಇನ್ನೂ ಈಚಿನ ಸಂಗತಿ. ಕಂಪ್ಯೂಟರಿನ ಲೆಕ್ಕದ ತಂತ್ರಾಂಶವನ್ನು ಬದಲಾಯಿಸದೆ, ಯಾರೋ ಬೆರಳಚ್ಚು ಮಾಡಿದಂತೆಯೇ ಅಂಕಿಗಳನ್ನು ಒಳಗೆ ಕಳುಹುವ ಈ ಜಾಣ್ಮೆ ವರ್ತಕರಿಗೆ ಬಹಳ ಒದಗಿಬಂದಿತು. ಆದರೆ ಕೀಲಿಮಣೆ ಅಕ್ಷರವನ್ನು ಕಳುಹುವುದಿಲ್ಲ, ಒತ್ತಿದ ಕೀಲಿಯ ಸ್ಥಾನವನ್ನು ಕಳುಹುತ್ತದೆ. ಐಬಿಎಂನ ಪಿಎಸ್/2 ಕೀಲಿಮಣೆಯ ರೂಢಿಯಲ್ಲಿ, ಷೋಡಶಮಾನದ ಲೆಕ್ಕದಲ್ಲಿ, 3ರ ಕೀಲಿಗೆ 26, 4ರ ಕೀಲಿಗೆ 25, 7ರ ಕೀಲಿಗೆ 3ಡಿ; ಇವನ್ನು ಆಸ್ಕಿಯೆಂದು ಭ್ರಮಿಸಿದ ಮೈಕ್ರೋಕಂಟ್ರೋಲರು ಕ್ರಮವಾಗಿ &, %, = ಎಂಬ ಚಿಹ್ನೆಗಳನ್ನು ತೋರಿಸುವುದು. 6ರ ಕೀಲಿಯ ಸಂಖ್ಯೆ 36. ಆಸ್ಕಿಯಲ್ಲಿಯೂ 6ಕ್ಕೆ 36! ಹತ್ತು ಅಂಕಿಗಳಲ್ಲಿ ಇದೊಂದೇ ಕಾಕತಾಳೀಯವಾಗಿ ಸರಿಬರುವುದರಿಂದ, ಎಲ್ಲವೂ ಬಹುಮಟ್ಟಿಗೆ ಸರಿಯಾಗಿದೆ, ತಂತಿಯಷ್ಟೇ ಸಡಿಲ ಎಂಬ ಮೋಸದ ಆಸೆ ಹುಟ್ಟುತ್ತದೆ. ಯುಎಸ್‌ಬಿ ಬಂದ ಮೇಲೆ ಸ್ಥಾನಗಳ ಎಣಿಕೆ ಬದಲಾಯಿತು: ದಶಮಾನದ ಲೆಕ್ಕದಲ್ಲಿ 1ರಿಂದ 9ರವರೆಗೆ 30ರಿಂದ 38, ಸೊನ್ನೆಗೆ 39. ಕೀಲಿಮಣೆಯಲ್ಲಿ ಸೊನ್ನೆ ಒಂಬತ್ತರ ಬಲಕ್ಕಿದೆ. ಆಸ್ಕಿಯಲ್ಲಿ ಒಂದರ ಹಿಂದೆ. ಈ ಭೇದವನ್ನು ಗಮನಿಸದೆ ಎಲ್ಲಕ್ಕೂ 19ನ್ನು ಕೂಡಿಸಿದ ಪ್ರೋಗ್ರಾಮಿನಲ್ಲಿ ಸೊನ್ನೆಯಿದ್ದ ಕಡೆಯೆಲ್ಲ ವಿವರಣ ಚಿಹ್ನೆಯಾದ ಎರಡು ಚುಕ್ಕೆಗಳು ಮೂಡುತ್ತವೆ. ಫ್ರೆಂಚ್ ಕೀಲಿಮಣೆಗೆ ಹೊಂದಿಸಿದ ಯಂತ್ರದಲ್ಲಿ ಅಂಕಿಗೆ ಶಿಫ್ಟ್ ಒತ್ತಬೇಕಾದುದರಿಂದ ಅಂಕಿಗಳಿಗೆ ಬದಲಾಗಿ ಸ್ವರಚಿಹ್ನೆಗಳ ಅಕ್ಷರಗಳೂ ಕಂಸಗಳೂ ಕಾಣುವುವು.

ಸಾಲಿನ ಕೊನೆಯ ತೊಡಕೂ ಹಳೆಯದೇ. ಟೆಲಿಪ್ರಿಂಟರಿನ ಅಚ್ಚಿನ ಗಾಡಿಯನ್ನು ಎಡಕ್ಕೆ ಮರಳಿಸುವ ಆಜ್ಞೆ ಒಂದು, ಕಾಗದವನ್ನು ಮೇಲೆತ್ತುವ ಆಜ್ಞೆ ಇನ್ನೊಂದು; ನ್ಯೂಜಿಲೆಂಡಿನ ಡೊನಾಲ್ಡ್ ಮರ‍್ರೇ 1901ರಲ್ಲಿ ರಚಿಸಿದ ಸಂಕೇತಮಾಲೆಯಿಂದ ಇವೆರಡೂ ಬಂದುವು. ಸ್ಕ್ಯಾನರು ಮೊದಲನೆಯದನ್ನು ಮಾತ್ರ ಕಳುಹಿ ಪ್ರೋಗ್ರಾಮು ಎರಡನೆಯದಕ್ಕೆ ಕಾಯುತ್ತಿದ್ದರೆ ಎರಡು ಸರಕುಗಳ ಸಂಖ್ಯೆಗಳು ಅಂಟಿಕೊಂಡು ಒಂದೇ ಉದ್ದನೆಯ ಸಂಖ್ಯೆಯಾಗುವುವು.

ಸ್ಕ್ಯಾನರಿನ ವೇಗ, ಪ್ಯಾರಿಟಿ, ಕೀಲಿಮಣೆಯ ದೇಶ, ಸಾಲಿನ ಅಂತ್ಯ, ಈ ನಾಲ್ಕನ್ನೂ ಬದಲಾಯಿಸುವುದು ಅದರೊಡನೆ ಬರುವ ಕೈಪಿಡಿಯಲ್ಲಿ ಅಚ್ಚಾದ ವಿಶೇಷ ಬಾರ್‌ಕೋಡುಗಳನ್ನು ಓದಿಸುವುದರ ಮೂಲಕ. ಆ ಕೈಪಿಡಿಯೋ ಪೆಟ್ಟಿಗೆಯೊಡನೆಯೇ ಕಸಕ್ಕೆ ಹೋಗಿರುತ್ತದೆ. ಆದ್ದರಿಂದ ತಯಾರಕರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಕಾರ್ಖಾನೆಯ ಮೂಲಸ್ಥಿತಿಗೆ ಮರಳಿಸುವ ಒಂದು ಬಾರ್‌ಕೋಡನ್ನೂ ಆ ಸ್ಥಿತಿಯ ವೇಗ, ಪ್ಯಾರಿಟಿ, ವೋಲ್ಟೇಜುಗಳನ್ನೂ ಸ್ಕ್ಯಾನರಿನ ಹಿಡಿಯ ಅಡಿಯಲ್ಲಿಯೇ ಅಚ್ಚು ಮಾಡಿಸಲಿ. ನಮ್ಮ ಕಾಲೇಜುಗಳ ಅಧ್ಯಾಪಕರಲ್ಲಿಯೂ ಒಂದು ಬಿನ್ನಹವುಂಟು: ಪ್ರಯೋಗದ ರೆಕಾರ್ಡ್ ಪುಸ್ತಕದಲ್ಲಿ ಸರಿಯಾದ ಉತ್ತರದೊಡನೆ, ಅದಕ್ಕೆ ಮೊದಲು ಪರದೆಯಲ್ಲಿ ಮೂಡಿದ ಅಪಪಾಠವನ್ನೂ ವಿದ್ಯಾರ್ಥಿಗಳು ಇದ್ದುದು ಇದ್ದಂತೆಯೇ ಬರೆದಿಡುವಂತೆ ವಿಧಿಸಿ, ಅದಕ್ಕೂ ಅಂಕಗಳನ್ನು ಕೊಡಲಿ.